ಯಾರ್ಕ್ ರೋಡ್ ಮೈದಾನ: ಹೋಮ್‌ವರ್ಕ್‌ನಿಂದ ಶುರುವಾದ ಹುಡುಕಾಟ

ಮಗನಿಗೆ ಸ್ಕೂಲಲ್ಲಿ ಹೋಮ್‌ವರ್ಕ್ ಕೊಟ್ಟಿದ್ದರು. ನಮ್ಮ ಊರಲ್ಲಿ ನೂರು ವರ್ಷಕ್ಕಿಂತ ಹಳೆಯದಾದ ಒಂದು ಜಾಗದ ಬಗ್ಗೆ ಒಂದು ಪುಟ ಬರೆದುಕೊಂಡು ಬರಬೇಕು. ನಾವಿರುವುದು ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ. ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ದಂಡೆಯ ಊರು. ಎಂಜಿನಿಯರ್ ಬ್ರೂನೆಲ್ ಕಟ್ಟಿದ ರೈಲ್ವೆ ಸೇತುವೆ ಇದೆಯಲ್ಲ, ಅದರ ಬಗ್ಗೆ ಬರಿ ಅಂದೆ. "ಅದನ್ನ ಕ್ಲಾಸಲ್ಲಿ ಎಲ್ಲರೂ ಬರೀತಾರೆ ಅಪ್ಪಾ. ನಾನು ಯಾರ್ಕ್ ರೋಡ್ ಬಗ್ಗೆ ಬರೀತೀನಿ" ಅಂದ.

ಯಾರ್ಕ್ ರೋಡ್ ಅಂದ್ರೆ ಮೇಡನ್‌ಹೆಡ್ ಯುನೈಟೆಡ್ ಕ್ಲಬ್ಬಿನ ಫುಟ್‌ಬಾಲ್ ಮೈದಾನ. ಪಕ್ಕದಲ್ಲೇ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ ಕಡೆಗೆ ಹೋಗುವ ರೈಲು ಹಳಿ. ನಾನು ಶಿವಮೊಗ್ಗದವನು, ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿ ಬೆಳೆದವನಲ್ಲ. ಆ ಮೈದಾನದ ಮುಂದೆ ವರ್ಷಗಟ್ಟಲೆ ಓಡಾಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ.

ಇಲ್ಲಿ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್ಬುಗಳಿವೆ. ಟಿವಿಯಲ್ಲಿ ಬರುವವು, ಕೋಟಿಗಟ್ಟಲೆ ದುಡ್ಡಿನವು ಎಲ್ಲ ಅದರಲ್ಲೇ. ಅದರ ಕೆಳಗಿರುವುದಕ್ಕೆಲ್ಲ ಸೇರಿಸಿ 'ನಾನ್ ಲೀಗ್' ಅಂತಾರೆ. ಹೆಸರು ಕೇಳಿ ಲೀಗೇ ಇಲ್ಲ ಅಂದುಕೊಳ್ಳಬೇಡಿ. ಅಲ್ಲೂ ಲೀಗ್ ಇದೆ, ಮೇಲೆ ಏರುವುದು ಕೆಳಗೆ ಬೀಳುವುದು ಎಲ್ಲ ಇದೆ. ನಮ್ಮ ಊರಿನ ಕ್ಲಬ್ಬು ಆ ಕಡೆಯದು.

ಮಗ ಒಂದು ಸಂಜೆ ಕೂತು ಪುಟ ಮುಗಿಸಿದ. ಮೊದಲ ಸಾಲೇ "ಇದು ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನ". ನನಗೆ ಅನುಮಾನ ಬಂತು. ಕ್ಲಬ್ಬಿನವರು ಹೇಳಿಕೊಳ್ಳುವ ಸಾಲು ಹುಡುಕಿದೆ. ಅದು ಇಷ್ಟು ಚಿಕ್ಕದಲ್ಲ. ಒಂದೇ ಕ್ಲಬ್ಬು, ನಿರಂತರವಾಗಿ ಬಳಸುತ್ತಾ ಬಂದಿರುವ, ಸೀನಿಯರ್ ದರ್ಜೆಯ, ಅಸೋಸಿಯೇಷನ್ ಫುಟ್‌ಬಾಲ್‌ನ ಅತಿ ಹಳೆಯ ಮೈದಾನ. ವಕೀಲರು ಬರೆದ ಕರಾರಿನ ಥರ ಇದೆ, ಅಲ್ವಾ? ಇಷ್ಟೊಂದು ಷರತ್ತು ಯಾಕೆ ಅಂತ ನೋಡಲು ಹೋಗಿದ್ದೇ ನನ್ನ ಎರಡು ಚಳಿಗಾಲ ತಿಂದುಬಿಟ್ಟಿತು.

ಒಂದೊಂದು ಪದದ ಹಿಂದೆಯೂ ಒಂದು ಜಗಳ ಇದೆ. ಶೆಫೀಲ್ಡ್ ಎಫ್‌ಸಿ ಹುಟ್ಟಿದ್ದು 1857ರಲ್ಲಿ, ಈಗಲೂ ಆಡುತ್ತಿರುವ ಕ್ಲಬ್ಬುಗಳಲ್ಲಿ ಅದಕ್ಕಿಂತ ಹಳೆಯದಿಲ್ಲ. ಆದರೆ ಅವರು ಮೈದಾನ ಬದಲಿಸುತ್ತಲೇ ಹೋದರು. ಅದೇ ಊರಿನ ಹ್ಯಾಲಮ್ ಕ್ಲಬ್ಬಿನವರು ಸ್ಯಾಂಡಿಗೇಟ್‌ನಲ್ಲಿ 1860ರಲ್ಲೇ ಆಡಿದ್ದಾರೆ. ಆದರೆ ಆಗ ಅವರು ಆಡುತ್ತಿದ್ದುದು ಶೆಫೀಲ್ಡ್ ನಿಯಮದ ಆಟ. ಇಂಗ್ಲೆಂಡಿನಲ್ಲಿ ಆಟವನ್ನು ನೋಡಿಕೊಳ್ಳುವ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಿಯಮಕ್ಕೆ ಶೆಫೀಲ್ಡ್ ಒಪ್ಪಿಕೊಂಡಿದ್ದು 1877ರಲ್ಲಿ. ನಮ್ಮ ಸಾಲಿನೊಳಗೆ 'ಅಸೋಸಿಯೇಷನ್' ಅನ್ನೋ ಪದದ ಬೆಲೆ ನನಗೆ ಗೊತ್ತಾಗಿದ್ದು ಇಲ್ಲಿ.

ಮೈದಾನದ ಕಥೆಯನ್ನು ನಾನೂ ಬರೆಯೋಣ ಅಂತ ಶನಿವಾರ ಬೆಳಗ್ಗೆ ಊರಿನ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಇಲ್ಲಿನ ಪುಣ್ಯ ಏನಂದ್ರೆ ಮೇಡನ್‌ಹೆಡ್ ಅಡ್ವರ್ಟೈಸರ್ ಪತ್ರಿಕೆ ಶುರುವಾಗಿದ್ದು 1869ರಲ್ಲಿ, ಕ್ಲಬ್ಬು ಹುಟ್ಟಿದ್ದು 1870ರಲ್ಲಿ. ಕೂಸು ಹುಟ್ಟುವ ಮೊದಲೇ ಬರೆದಿಡುವವರು ಬಂದು ಕೂತಿದ್ದರು. ಹಳೇ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ರೀಲ್‌ನಲ್ಲಿ ಓದಬೇಕು. ಹಿಡಿ ತಿರುಗಿಸಿದರೆ ಪುಟ ಪರದೆ ಮೇಲೆ ಓಡುತ್ತದೆ. ಸ್ವಲ್ಪ ಜೋರಾಗಿ ತಿರುಗಿಸಿದರೆ ತಲೆ ಸುತ್ತುತ್ತದೆ. ಮೊದಲ ದಿನ ಮೂರು ಗಂಟೆ ಕೂತು ಹಂದಿ ಮಾರಾಟದ ಜಾಹೀರಾತು, ಚರ್ಚಿನ ಸುದ್ದಿ ಓದಿಕೊಂಡು ಬಂದೆ. ಆಮೇಲೆ ಬುದ್ಧಿ ಬಂತು. ಮೊದಲು ಮನೆಯಲ್ಲೇ ದಿನಾಂಕದ ಪಟ್ಟಿ ಮಾಡಿಕೊಂಡು, ಆ ವಾರದ ಪತ್ರಿಕೆ ಮಾತ್ರ ತೆಗೆಯುತ್ತಿದ್ದೆ.

ಇನ್ನೊಂದು ಉಪಾಯ ತಪ್ಪು ಮಾಡಿ ಕಲಿತದ್ದು. ಯಾರ್ಕ್ ರೋಡಿನಲ್ಲಿ ಮೊದಲ ಪಂದ್ಯ ನಡೆದದ್ದು 1871ರ ಫೆಬ್ರವರಿ 16ರಂದು, ನದಿಯ ಮೇಲ್ಭಾಗದ ಊರಾದ ಮಾರ್ಲೋ ಮೇಲೆ. ನಾನು "ಚಳಿಗಾಲದ ಒಂದು ಶನಿವಾರ" ಅಂತ ಚೆನ್ನಾಗಿ ಶುರು ಮಾಡಿದ್ದೆ. ಫುಟ್‌ಬಾಲ್ ಅಂದ್ರೆ ಶನಿವಾರ ಅಂತ ತಲೆಯಲ್ಲಿ ಕೂತಿತ್ತಲ್ಲ. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದರೆ ಅವತ್ತು ಗುರುವಾರ! ಅವತ್ತಿನಿಂದ ಯಾವ ದಿನಾಂಕ ಬರೆದರೂ ಮೊದಲು ವಾರ ನೋಡುತ್ತೇನೆ. ಈಗಿನ ಮೇಡನ್‌ಹೆಡ್ ರೈಲ್ವೆ ಸ್ಟೇಷನ್ ಶುರುವಾಗಿದ್ದು ಅದೇ 1871ರ ನವೆಂಬರ್‌ನಲ್ಲಿ. ಅಂದ್ರೆ ಪಕ್ಕದ ಸ್ಟೇಷನ್‌ಗಿಂತ ಮೈದಾನವೇ ಒಂಬತ್ತು ತಿಂಗಳು ದೊಡ್ಡದು.

ಆ ನವೆಂಬರ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಎಫ್‌ಎ ನಡೆಸುವ, ಸೋತವರು ಹೊರಗೆ ಹೋಗುವ ಪಂದ್ಯಾವಳಿಯಾದ ಎಫ್‌ಎ ಕಪ್ ಶುರುವಾಯಿತು. ಮೊದಲ ವರ್ಷ ಹೆಸರು ಕೊಟ್ಟವರು ಹದಿನೈದೇ ಕ್ಲಬ್ಬು, ಅದರಲ್ಲಿ ಮೇಡನ್‌ಹೆಡ್ ಒಂದು, ಮಾರ್ಲೋ ಒಂದು. ನವೆಂಬರ್ 11ರಂದು ನಾಲ್ಕು ಪಂದ್ಯ ನಡೆದವು. ನಮ್ಮವರು ಮಾರ್ಲೋವನ್ನು 2-0 ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕೈಲಿ 3-0 ಸೋತರು. ಈ ಪ್ಯಾಲೇಸ್‌ನವರು ಹಿಂದಿನ ಸುತ್ತಿನಲ್ಲಿ ಹಿಚಿನ್ ಮೇಲೆ ಗೆದ್ದೇ ಇರಲಿಲ್ಲ. 0-0 ಆಗಿತ್ತು. ಆಗಿನ ನಿಯಮದಲ್ಲಿ ಇಬ್ಬರನ್ನೂ ಮೇಲಕ್ಕೆ ಬಿಟ್ಟಿದ್ದರು. ನೂರೈವತ್ತು ವರ್ಷ ಕಳೆದಿದ್ದರೂ ಓದಿ ನನಗೆ ಹೊಟ್ಟೆ ಉರಿಯಿತು. ಆಟ ಕೂಡ ಈಗಿನ ಥರ ಅಲ್ಲ. ಪೆನಾಲ್ಟಿ ಇಲ್ಲ, ಗೋಲಿಗೆ ಬಲೆ ಇಲ್ಲ. ಅವೆರಡೂ ಬಂದದ್ದು 1891ರ ಹೊತ್ತಿಗೆ.

ಅಷ್ಟು ಹೊತ್ತಿಗೆ ಮಗನ ಜೊತೆ ಮ್ಯಾಚ್‌ಗೂ ಹೋಗತೊಡಗಿದ್ದೆ. ಬೆಲ್ ಸ್ಟ್ರೀಟ್ ಕಡೆಯ ಮೆಟ್ಟಿಲ ಮೇಲೆ ನಿಂತು ನೋಡುವುದು. ಮೊದಲ ಸಲ ಚಳಿಗೆ ಎಲ್ಲರೂ ಕುಡಿಯುತ್ತಿದ್ದ ಬಿಸಿ ಬೋವ್ರಿಲ್ ತಗೊಂಡೆ. ಅದು ದನದ ಮಾಂಸದ ಸಾರು ಅಂತ ಗೊತ್ತಾಗಿದ್ದು ಅರ್ಧ ಕಪ್ ಇಳಿದ ಮೇಲೆ. ಮನೆಯಲ್ಲಿ ಹೇಳಿಲ್ಲ. ಅಲ್ಲಿ ದಿನಾ ಬರುವ ಒಬ್ಬ ಅಜ್ಜ ಪರಿಚಯವಾದರು. ನಾನು ಬರೆದ ಹಾಳೆಗಳನ್ನು ಕೊಟ್ಟೆ. ಆಟ ನಡೆಯುತ್ತಿದ್ದಾಗಲೇ ಪೆನ್ಸಿಲ್ ತೆಗೆದು ಗೀಚತೊಡಗಿದರು. 1871ರ ಕ್ರಿಸ್ಟಲ್ ಪ್ಯಾಲೇಸ್ ಅನ್ನೋ ಕಡೆ ದೊಡ್ಡದೊಂದು ಪ್ರಶ್ನೆ ಚಿಹ್ನೆ ಹಾಕಿದ್ದರು. ಈಗ ಪ್ರೀಮಿಯರ್ ಲೀಗ್‌ನಲ್ಲಿ ಆಡುವ ಪ್ಯಾಲೇಸ್ ಶುರುವಾಗಿದ್ದು 1905ರಲ್ಲಿ. ಹಳೆಯದು ನಾವೇ ಅಂತ ಅವರು ಹೇಳಿಕೊಂಡರೂ ಅದನ್ನು ಒಪ್ಪದವರಿದ್ದಾರೆ. ನಾನು ಎರಡನ್ನೂ ಒಂದು ಮಾಡಿ ಬರೆದುಬಿಟ್ಟಿದ್ದೆ.

ಆಮೇಲೆ ಅವರೇ ಕೇಳಿದರು: "ಹಾಗಾದರೆ ನಮ್ಮದು ಒಂದೇ ಕ್ಲಬ್ಬಾ?"

ಸಿಕ್ಕಿಬಿದ್ದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಹಳೆಯ ಮೇಡನ್‌ಹೆಡ್ ಕ್ಲಬ್ಬು, ಊರಿನ ಇನ್ನೊಂದು ಕ್ಲಬ್ಬಾದ ನಾರ್ಫೋಕಿಯನ್ಸ್ ಜೊತೆ ಸೇರಿಕೊಂಡಿತು. 'ಯುನೈಟೆಡ್' ಅನ್ನುವ ಹೆಸರು ಬಂದದ್ದೇ 1920ರಲ್ಲಿ. ಅಂದ್ರೆ 'ಒಂದೇ ಕ್ಲಬ್ಬು' ಅನ್ನುವ ಷರತ್ತು ಇಲ್ಲಿ ಸ್ವಲ್ಪ ಅಲುಗಾಡುತ್ತದೆ. ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಒಂದು ಬೇಸಿಗೆ ರಜೆಯಲ್ಲಿ ಅಜ್ಜಿ ಜೊತೆ ಕೂಡ್ಲಿಗೆ ಹೋಗಿದ್ದ. "ತುಂಗಾ, ಭದ್ರಾ ಸೇರಿದ ಮೇಲೆ ತುಂಗಭದ್ರಾ ಅಂತಾರಲ್ಲ. ಹಂಗಂತ ತುಂಗಾ ಹೊಸದಾ?" ಅಂದ. ನಾನು ಆ ವಾದವನ್ನೇ ಅಜ್ಜನಿಗೆ ಒಪ್ಪಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಗೀಚಲೂ ಇಲ್ಲ.

ಬರೆಯುವಾಗ ನನಗೆ ಜಾಸ್ತಿ ಕಾಡಿದ ಪ್ರಶ್ನೆ ಬೇರೆ. ಎಫ್‌ಎ ಕಪ್ಪಿನ ಮೊದಲ ವರ್ಷವೇ ಇದ್ದ ಕ್ಲಬ್ಬು, 1873, 74, 75 ಮೂರೂ ಸಲ ಕ್ವಾರ್ಟರ್ ಫೈನಲ್ ಮುಟ್ಟಿದ ಕ್ಲಬ್ಬು, ದೊಡ್ಡದಾಗಲಿಲ್ಲ ಯಾಕೆ? ಉತ್ತರ ದುಡ್ಡಿನಲ್ಲಿದೆ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತಾಯಿತು. 1888ರಲ್ಲಿ ಫುಟ್‌ಬಾಲ್ ಲೀಗ್ ಶುರು ಮಾಡಿದ ಹನ್ನೆರಡು ಕ್ಲಬ್ಬುಗಳೂ ಉತ್ತರದ, ನಡುನಾಡಿನ ಗಿರಣಿ ಊರುಗಳ ಕಡೆಯವು. ದಕ್ಷಿಣದ ಇಂಥ ಕ್ಲಬ್ಬುಗಳು ದುಡ್ಡಿಲ್ಲದೆ ಆಡುವುದೇ ಮರ್ಯಾದೆ ಅಂದುಕೊಂಡು ಕೂತವು. ಸಂಬಳದ ತಂಡಗಳ ಮುಂದೆ ನಿಲ್ಲಲಾಗದೆ ತಮ್ಮದೇ ಬೇರೆ ಕಪ್ ಆಡಿದವು. ಎಫ್‌ಎ ಅಮೆಚೂರ್ ಕಪ್ ಅಂತ, 1974ರವರೆಗೂ ನಡೆಯಿತು.

ಅದು ಸಣ್ಣ ಕಪ್ ಅಂತ ನಾನೂ ಒಂದೇ ಸಾಲಲ್ಲಿ ಮುಗಿಸಿದ್ದೆ. ಆದರೆ ಯಾರ್ಕ್ ರೋಡಿನಲ್ಲಿ ಅತಿ ಹೆಚ್ಚು ಜನ ಸೇರಿದ್ದು ಅದಕ್ಕೇ. 1936ರ ಮಾರ್ಚ್ 7, ಸೌತಾಲ್ ವಿರುದ್ಧ ಕ್ವಾರ್ಟರ್ ಫೈನಲ್, 7,989 ಜನ. ಈಗ ಅಲ್ಲಿ ಹಿಡಿಸುವುದು ಸುಮಾರು 4,000. ವಾರ ನೋಡಿದೆ, ಶನಿವಾರ ಸರಿಯಾಗಿದೆ. ಅದೇ ಶನಿವಾರ ಹಿಟ್ಲರ್ ತನ್ನ ಸೈನ್ಯವನ್ನು ರೈನ್‌ಲ್ಯಾಂಡ್‌ಗೆ ನುಗ್ಗಿಸಿದ. ಮೈದಾನದಿಂದ ಮನೆಗೆ ನಡೆದು ಹೋದವರಲ್ಲಿ ಎಷ್ಟು ಜನ ರೇಡಿಯೋ ಹಚ್ಚಿದರೋ, ಎಷ್ಟು ಜನ ಬರೀ ಸೆಮಿಫೈನಲ್ ಸೇರಿದ್ದನ್ನೇ ಮಾತಾಡಿಕೊಂಡರೋ. ನಾನು ಆ ಪುಟವನ್ನು ನಾಲ್ಕು ಸಲ ಬರೆದೆ.

ಹೊಸ ಕಾಲದ್ದು ಬೇಗ ಮುಗಿಯಿತು, ಎಲ್ಲರಿಗೂ ನೆನಪಿದೆ. ವೆಸ್ಟ್ ಹ್ಯಾಮ್‌ನ ಹಳೆಯ ಆಟಗಾರ ಅಲನ್ ಡೆವನ್‌ಶೈರ್ ಮ್ಯಾನೇಜರ್ ಆಗಿದ್ದಾಗ, 2017ರಲ್ಲಿ ಚಾಂಪಿಯನ್ ಆಗಿ ಐದನೇ ಹಂತಕ್ಕೆ ಏರಿದರು. ಎಂಟು ಸೀಸನ್ ಅಲ್ಲೇ ನಿಂತು 2025ರಲ್ಲಿ ಕೆಳಗೆ ಬಿದ್ದರು. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೋಮ್‌ವರ್ಕ್ ಯಾವತ್ತೋ ಕೊಟ್ಟಾಯಿತು. ಮೊದಲ ಸಾಲಿನಲ್ಲಿ ಅವನು ಎಲ್ಲ ಷರತ್ತು ಸೇರಿಸಿ ಬರೆದ. ವಾಕ್ಯ ತೀರಾ ಉದ್ದವಾಯಿತು ಅಂತ ಟೀಚರ್ ಅಲ್ಲಿ ಕೆಂಪು ಗೆರೆ ಎಳೆದಿದ್ದರು. ನನ್ನ ಹಾಳೆಗಳು ಈಗ ಮೂವತ್ತು ದಾಟಿವೆ. ಮುಂದಿನ ಶನಿವಾರಕ್ಕೆ 1919ರ ರೀಲ್ ಕೇಳಿದ್ದೇನೆ, ಆ ನಾರ್ಫೋಕಿಯನ್ಸ್ ಕಥೆಗೆ. ಮ್ಯಾಚ್ ಮೂರು ಗಂಟೆಗೆ. ಮಳೆ ಬಂದು ಆಟ ರದ್ದಾದರೆ ಲೈಬ್ರರಿ ಮುಚ್ಚುವವರೆಗೂ ಕೂರಬಹುದು.