ಮುಹೂರ್ತಕ್ಕೆ ಮುಂಚೆ ಮದುಮಗಳಿಗೆ 40 ನಿಮಿಷ

ಲಗ್ನಪತ್ರಿಕೆಯಲ್ಲಿ ಎಲ್ಲದಕ್ಕೂ ಹೊತ್ತು ಗೊತ್ತು ಮಾಡಿರುತ್ತಾರೆ. ವರಪೂಜೆ ಸಂಜೆ 6ಕ್ಕೆ, ಆರತಕ್ಷತೆ 7ಕ್ಕೆ, ಮಾರನೆಯ ಬೆಳಿಗ್ಗೆ 9.30ರಿಂದ 10.15ರವರೆಗೆ ಧಾರೆ ಮುಹೂರ್ತ. ಮದುಮಗಳ ಫೋಟೊಗೆ ಮಾತ್ರ ಹೊತ್ತಿಲ್ಲ. ‘ನಡುವೆ ಎಲ್ಲಾದರೂ ತೆಗೆದುಬಿಡಿ’ ಎನ್ನುತ್ತಾರೆ. ಮೈಸೂರು, ಮಂಡ್ಯದ ಕಡೆಯ ಛತ್ರಗಳಲ್ಲಿ 15 ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಆ ‘ನಡುವೆ’ ತಾನಾಗಿ ಒದಗಿ ಬಂದದ್ದನ್ನು ನಾನು ಕಂಡಿಲ್ಲ.

ಶುರುವಿನ ವರ್ಷಗಳಲ್ಲಿ ಒಂದು ಮದುವೆ. ಸೀರೆ ಉಡಿಸುವುದು ತಡವಾಯಿತು, ಅಷ್ಟರಲ್ಲಿ ಪುರೋಹಿತರು ಕರೆದರು, ಸೋದರಮಾವ ಬಾಗಿಲಲ್ಲಿ ಬಂದು ನಿಂತರು. ಹುಡುಗಿಯನ್ನು ನೇರ ಮಂಟಪಕ್ಕೆ ಕರೆದುಕೊಂಡು ಹೋದರು. ಮೂರು ತಿಂಗಳ ನಂತರ ಆಲ್ಬಮ್ ಕೊಡಲು ಹೋದಾಗ ಅವಳ ತಾಯಿ ಹಾಳೆ ಮಗುಚುತ್ತಾ ಕೊನೆಗೆ ಬಂದು, ಮತ್ತೆ ಮೊದಲಿನಿಂದ ನೋಡಿ, ‘ಇವಳೊಬ್ಬಳೇ ಇರೋದು ಒಂದೂ ಇಲ್ವೇನಮ್ಮ?’ ಎಂದರು. ಇರಲಿಲ್ಲ. ಮಗಳು ಆಗಲೇ ಗಂಡನ ಜೊತೆ ದೂರದ ಊರಿಗೆ ಹೋಗಿದ್ದಳು. ಅಂದಿನಿಂದ ಮದುವೆ ಒಪ್ಪಿಕೊಳ್ಳುವಾಗ ನಾನು ಕೇಳುವ ಮೊದಲ ಮಾತು ಹಣದ್ದಲ್ಲ, ಮದುಮಗಳೊಬ್ಬಳ ಫೋಟೊಗೆ ಬೇಕಾದ 40 ನಿಮಿಷದ್ದು.

ಹೊತ್ತನ್ನು ಹಿಂದಿನಿಂದ ಎಣಿಸಿ

ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಮುಹೂರ್ತ 9.30. ಗೌರಿಪೂಜೆಗೆ ಹುಡುಗಿ ಕೂರುವುದು 8ಕ್ಕೆ (ಇದು ಮನೆಯಿಂದ ಮನೆಗೆ ಬೇರೆ, ಪುರೋಹಿತರನ್ನು ಮೊದಲೇ ಕೇಳಿ). ಹಾಗಾದರೆ ಫೋಟೊ 7.10ರಿಂದ 7.50. ಸೀರೆ ಉಡಿಸಿ ಒಡವೆ ಇಡುವುದಕ್ಕೆ ಮುಕ್ಕಾಲು ಗಂಟೆ, ಮುಖ ಮತ್ತು ಜಡೆಗೆ ಎರಡರಿಂದ ಎರಡೂವರೆ ಗಂಟೆ. ಹೀಗೆ ಹಿಂದಕ್ಕೆ ಹೋದರೆ 4 ಗಂಟೆಗೆ ಅವಳು ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತಿರಬೇಕು. ಕೇಳಿದರೆ ಮನೆಯವರಿಗೆ ಕಷ್ಟ ಅನಿಸುತ್ತದೆ. ಆದರೆ ಆ 7.10 ನಾನು ಸುಮ್ಮನೆ ಇಟ್ಟಿದ್ದಲ್ಲ. ನಮ್ಮಲ್ಲಿ ಮಾಘ ಮಾಸದ ಮದುವೆಗಳ ಹೊತ್ತಿಗೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಮೇ ತಿಂಗಳಲ್ಲಿ 6ರ ಹೊತ್ತಿಗೆ. ಎರಡು ಕಾಲಕ್ಕೂ 7ರ ಆಸುಪಾಸಿನ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ.

ಈ ಹಾಳೆಯ ಪ್ರತಿಯನ್ನು ಮೇಕಪ್‌ನವರಿಗೆ, ಜಡೆ ಹಾಕುವವರಿಗೆ, ವಿಡಿಯೊದವರಿಗೆ, ಸೋದರಮಾವನಿಗೆ ಕೊಡಿ. ಅವತ್ತು ಬಾಗಿಲು ಕಾಯಲು ಒಬ್ಬರನ್ನು ನೇಮಿಸಿ. ಚಿಕ್ಕಮ್ಮನೋ ಅತ್ತಿಗೆಯೋ, ಯಾರ ಮಾತನ್ನು ನೆಂಟರು ಮೀರುವುದಿಲ್ಲವೋ ಅವರು. ‘ಒಂದೇ ಒಂದು ಸೆಲ್ಫಿ’ ಎಂದು ಬರುವವರು ಇಪ್ಪತ್ತು ಜನ ಆದರೆ 40 ನಿಮಿಷ ಅಲ್ಲಿಗೇ ಮುಗಿಯಿತು.

ಛತ್ರಕ್ಕೆ ಹೋಗಿ ಕಿಟಕಿ ಹುಡುಕಿ

ವಾರದ ಮುಂಚೆ, ಬೆಳಿಗ್ಗೆ ಅದೇ 7 ಗಂಟೆಗೆ ಛತ್ರಕ್ಕೆ ಹೋಗಿ ಬನ್ನಿ. ಮಧ್ಯಾಹ್ನ ನೋಡಿ ಬಂದರೆ ಉಪಯೋಗವಿಲ್ಲ, ಬೆಳಕಿನ ದಿಕ್ಕೇ ಬೇರೆ ಇರುತ್ತದೆ. ವಧುವಿನ ಕೋಣೆ ಎಂದು ಕೊಡುವ ಕೋಣೆಗೆ ಎಷ್ಟೋ ಕಡೆ ಕಿಟಕಿಯೇ ಇರುವುದಿಲ್ಲ, ಇದ್ದರೂ ಪಕ್ಕದ ಕಟ್ಟಡದ ಗೋಡೆಗೆ ತೆರೆದಿರುತ್ತದೆ. ಆಗ ಮೊದಲ ಮಹಡಿಯ ಪಡಸಾಲೆ, ಮೆಟ್ಟಿಲು ತಿರುಗುವ ಜಾಗ, ಹಿಂಬದಿಯ ಜಗಲಿ, ಎಲ್ಲವನ್ನೂ ನೋಡಿ. ಬಿಸಿಲು ನೇರ ಬೀಳದ ಉತ್ತರದ ಕಿಟಕಿ ಸಿಕ್ಕರೆ ಅದೇ ನಿಮ್ಮ ಸ್ಟುಡಿಯೊ.

ಬೆಳಕು ಹೇಗಿದೆ ಎಂದು ತಿಳಿಯಲು ಅಂಗೈಯನ್ನು ಮುಖದ ಎತ್ತರಕ್ಕೆ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ಬೆರಳ ಸಂದಿನ ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ ಕಂಡರೆ ಬೆಳಕು ಬಿರುಸು. ನೆರಳಿನ ಅಂಚು ಕರಗಿದಂತೆ ಕಂಡರೆ ಅಲ್ಲಿ ನಿಲ್ಲಿಸಬಹುದು. ಕಿಟಕಿಯಿಂದ 3–4 ಅಡಿ, ಮುಖ ಅರ್ಧ ಕಿಟಕಿಯ ಕಡೆಗೆ. ಆಚೆ ಕೆನ್ನೆ ತೀರ ಕಪ್ಪಾದರೆ ಒಂದು ಬಿಳಿ ಪಂಚೆಯನ್ನು ಇಬ್ಬರು ಹಿಡಿದು ನಿಂತರೆ ಸಾಕು, ಬೆಳಕು ಬಡಿದು ಹಿಂತಿರುಗುತ್ತದೆ. ಗಾಢ ಹಸಿರು, ಗುಲಾಬಿ ಬಣ್ಣ ಬಳಿದ ಗೋಡೆ ಹತ್ತಿರವಿದ್ದರೆ ಆ ಬಣ್ಣವೂ ಕೆನ್ನೆಗೆ ಹತ್ತುತ್ತದೆ, ಎಚ್ಚರ.

ಕೋಣೆಯ ದೀಪಗಳನ್ನು ಆರಿಸಿಬಿಡಿ. ಕಿಟಕಿಯ ಬೆಳಕು ನೀಲಿಗೆ ವಾಲುತ್ತದೆ, ಬಲ್ಬಿನದು ಹಳದಿಗೆ. ಎರಡೂ ಸೇರಿದರೆ ಮುಖದ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು. ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಎಲ್‌ಇಡಿ ದೀಪದಲ್ಲೇ ತೆಗೆಯುವುದು ಅನಿವಾರ್ಯವಾದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಅಗ್ಗದ ದೀಪಗಳು ಅದರ ತಾಳಕ್ಕೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗ ಹೆಚ್ಚಾದರೆ ಫೋಟೊದಲ್ಲಿ ಅಡ್ಡ ಪಟ್ಟೆಗಳು ಮೂಡುತ್ತವೆ.

ಮೆಹೆಂದಿ, ಅರಿಶಿನ, ಮುಖ

ಮೆಹೆಂದಿಯನ್ನು ಎರಡು ದಿನ ಮುಂಚೆ ಹಾಕಿಸಿ. ಹಿಂದಿನ ರಾತ್ರಿ ಹಾಕಿಸಿದರೆ ಬೆಳಿಗ್ಗೆ ಕೈ ಕಿತ್ತಳೆ ಬಣ್ಣದಲ್ಲೇ ಇರುತ್ತದೆ. ಎಲೆಯ ಬಣ್ಣ ಚರ್ಮಕ್ಕೆ ಇಳಿದು ಗಾಳಿಗೆ ಕಪ್ಪುಗೆಂಪಾಗಲು 24ರಿಂದ 48 ಗಂಟೆ ಬೇಕು. ಹಚ್ಚಿದ್ದು 6–8 ಗಂಟೆ ಕೈಮೇಲಿರಲಿ, ತೆಗೆದ ಮೇಲೆ ಅರ್ಧ ದಿನವಾದರೂ ನೀರು ಸೋಕಿಸಬೇಡಿ. ಗಂಟೆಯೊಳಗೆ ಕಡುಕಪ್ಪು ಬಣ್ಣ ಕೊಡುತ್ತೇವೆ ಎನ್ನುವ ಕೋನ್ ಬೇಡವೇ ಬೇಡ. ಅಂಥವುಗಳಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ರಾಸಾಯನಿಕ ಇರಬಹುದು, ಅದು ಕೆಲವರ ಕೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ.

ಅರಿಶಿನ ಶಾಸ್ತ್ರದ ಹಳದಿ ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ಉಳಿದಿರುತ್ತದೆ. ಕಡಲೆಹಿಟ್ಟಿನಲ್ಲಿ ನಿಧಾನ ತೊಳೆದರೆ ಸಾಕು, ಉಜ್ಜಿ ಕೆಂಪು ಮಾಡಿಕೊಳ್ಳಬೇಡಿ. ಸ್ವಲ್ಪ ಉಳಿದರೂ ಉಳಿಯಲಿ, ಅದು ಆ ದಿನದ ಬಣ್ಣವೇ. ಕೊನೆಯ ವಾರದಲ್ಲಿ ಹಿಂದೆಂದೂ ಹಚ್ಚದ ಕ್ರೀಮು, ಹೊಸ ಫೇಶಿಯಲ್ ಯಾವುದೂ ಬೇಡ.

ಮೇಕಪ್‌ನವರು ಟ್ರಯಲ್ ಮಾಡಿದ ದಿನ ಮೊಬೈಲಿನಲ್ಲಿ ಎರಡು ಫೋಟೊ ತೆಗೆಯಿರಿ: ಒಂದು ಕಿಟಕಿ ಬೆಳಕಿನಲ್ಲಿ, ಇನ್ನೊಂದು ಕತ್ತಲಲ್ಲಿ ಫ್ಲ್ಯಾಶ್ ಹಾಕಿ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನು, ಕೆಲವು ಬಿಳಿ ಪೌಡರುಗಳು ಕಣ್ಣಿಗೆ ಕಾಣದಿದ್ದರೂ ಫ್ಲ್ಯಾಶಿಗೆ ಬೂದಿ ಬಳಿದ ಹಾಗೆ ಬೆಳ್ಳಗೆ ಹೊಳೆಯುತ್ತವೆ. ಮುಖದ ಬಣ್ಣ ಕತ್ತಿಗೆ, ಕೈಗೆ ಹೊಂದುತ್ತಿದೆಯೇ ಎಂದೂ ಅಲ್ಲೇ ನೋಡಿ. ‘ಎರಡು ಶೇಡು ತಿಳಿ ಮಾಡಿ’ ಎಂದು ಹಿರಿಯರು ಮೇಕಪ್‌ನವರಿಗೆ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಂಪಂಚಿನ ಧಾರೆ ಸೀರೆಯ ಮೇಲೆ ನಮ್ಮ ಹುಡುಗಿಯರ ಎಣ್ಣೆಗೆಂಪು ಮೈಬಣ್ಣ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದು ಕ್ಯಾಮೆರಾದ ಹಿಂದೆ ನಿಂತವರಿಗೆ ಗೊತ್ತು. ನಮ್ಮ ಕರಾರುಪತ್ರದಲ್ಲಿ ಒಂದು ಸಾಲಿದೆ: ಮುಖವನ್ನು ಬಿಳಿ ಮಾಡಿ ಕೊಡುವುದಿಲ್ಲ.

ಛಾಯಾಗ್ರಾಹಕರಿಗೆ ಒಂದು ಮಾತು. ಧಾರೆ ಸೀರೆ ಬಿಳಿ ಅಥವಾ ಕೆನೆ ಬಣ್ಣದ್ದಾಗಿದ್ದರೆ ಕ್ಯಾಮೆರಾ ಅದನ್ನು ಕಂಡು ಬೆಳಕು ಜಾಸ್ತಿಯಾಯಿತೆಂದು ಇಡೀ ಚಿತ್ರವನ್ನು ಕಪ್ಪು ಮಾಡುತ್ತದೆ. ಬೆಳಕಿನ ಅಳತೆ ಮುಖಕ್ಕೆ ತೆಗೆದುಕೊಳ್ಳಿ, ಸೀರೆಗಲ್ಲ.

ಸೀರೆ

ಹೊಸ ರೇಷ್ಮೆ ಸೀರೆಯ ಅಂಗಡಿ ಮಡಿಕೆಯ ಗೆರೆ ಫೋಟೊದಲ್ಲಿ ಎದ್ದು ಕಾಣುತ್ತದೆ, ಹಿಂದಿನ ದಿನವೇ ಇಸ್ತ್ರಿ ಮಾಡಿಸಿ ನೆರಿಗೆ ಹಿಡಿದು ಪಿನ್ ಹಾಕಿಡಿ. ಕಂಚಿ ಸೀರೆಯ ನೆರಿಗೆ ತಾನಾಗಿ ನಿಲ್ಲುತ್ತದೆ, ಮೈಸೂರು ಸಿಲ್ಕ್ ಮೈಗೆ ಹತ್ತಿ ಇಳಿಯುತ್ತದೆ. ಎರಡಕ್ಕೂ ನಿಲುವು ಬೇರೆ ಬೇರೆ, ಒಮ್ಮೆ ಉಟ್ಟು ನಡೆದು ಕೂತು ನೋಡಬೇಕು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಹಳೆಯ ಸೀರೆಗಳು ನಮ್ಮ ಕಡೆಯ ಅಜ್ಜಿಯರ ಪೆಟ್ಟಿಗೆಯಲ್ಲಿ ಇನ್ನೂ ಇವೆ. ಅದನ್ನೇ ಉಡುವುದಾದರೆ ಮಡಿಕೆಯ ಉದ್ದಕ್ಕೂ ಬೆಳಕಿಗೆ ಹಿಡಿದು ನೋಡಿ. ಹಳೆ ರೇಷ್ಮೆ ಬಿರಿಯುವುದು ಅಲ್ಲೇ, ಆ ಜಾಗದಲ್ಲಿ ಪಿನ್ ಚುಚ್ಚಬೇಡಿ. ಜರಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬರೀ ಬಿಳಿ ಹೊಳಪು ಸಿಗುತ್ತದೆ. ಪಕ್ಕದ ಬೆಳಕಿನಲ್ಲಿ ಎಳೆ ಎಳೆ ಕಾಣುತ್ತದೆ.

ಮೊಗ್ಗಿನ ಜಡೆ ಮತ್ತು ಕನ್ನಡಿ

ಹಳೇ ಮೈಸೂರಿನ ಮನೆಗಳ ಗೋಡೆಯಲ್ಲಿ ಇಂಥ ಒಂದು ಫೋಟೊ ಇದ್ದೇ ಇರುತ್ತದೆ: ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಾಳೆ, ಹಿಂದೆ ಆಳೆತ್ತರದ ಕನ್ನಡಿ, ಅದರಲ್ಲಿ ಮೊಗ್ಗಿನ ಜಡೆ. ಮುಖವೂ ಜಡೆಯೂ ಒಂದೇ ಫೋಟೊದಲ್ಲಿ. ನಮ್ಮ ಅಮ್ಮನದೂ ಒಂದಿದೆ. ಈಗ ಈ ಫೋಟೊ ತೆಗೆಯುವವರು ಕಡಿಮೆ, ಮದುಮಗಳು ಮೊಗ್ಗಿನ ಜಡೆ ಹಾಕಿಸಿಕೊಂಡಿದ್ದರೆ ಬಿಡದೆ ತೆಗೆಸಿ.

ಮಲ್ಲಿಗೆ ಮೊಗ್ಗು ಸಂಜೆಯಾಗುತ್ತಿದ್ದ ಹಾಗೆ ಬಿರಿಯಲು ಶುರುವಾಗುತ್ತದೆ. ಬಿರಿದರೆ ಜಡೆ ದಪ್ಪವಾಗಿ, ಸಾಲು ಸಾಲಾಗಿ ಹೊಲಿದ ವಿನ್ಯಾಸ, ನಡುವಿನ ಬಿಲ್ಲೆ ಎಲ್ಲ ಮುಚ್ಚಿಹೋಗುತ್ತದೆ. ಆರತಕ್ಷತೆಗೆ ಹಾಕಿಸಿದರೆ ಜಡೆಯ ಫೋಟೊ ದೀಪ ಹಚ್ಚುವ ಮುಂಚೆ ಆಗಿಬಿಡಲಿ. ಬೆಳಗಿನ ಧಾರೆಗಾದರೆ ಕಟ್ಟಿದ ಜಡೆಯನ್ನು ಒದ್ದೆ ಬಟ್ಟೆ, ಬಾಳೆಎಲೆಯಲ್ಲಿ ಸುತ್ತಿ ತಣ್ಣಗಿಡಿ, ಇಲ್ಲವೇ ಹೆಚ್ಚು ಹೊತ್ತು ತಾಳುವ ಕಾಕಡ ಹಾಕಿ ಎಂದು ಕಟ್ಟುವವರಿಗೆ ಹೇಳಿ.

ಕನ್ನಡಿಯ ಫೋಟೊ ತೆಗೆಯುವುದು ಹೀಗೆ. ಛತ್ರದ ಬೀರುವಿನ ಕನ್ನಡಿಯೋ ಮನೆಯಿಂದ ತಂದ ನಿಲುವುಗನ್ನಡಿಯೋ ಆಗಬಹುದು. ಒರಗು ಇಲ್ಲದ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಬೆನ್ನಿನಿಂದ 2 ಅಡಿ ಹಿಂದೆ ಕನ್ನಡಿ ಇಡಿ. ಕಿಟಕಿ ಅವಳ ಪಕ್ಕಕ್ಕಿರಬೇಕು. ಎದುರಿಗಿದ್ದರೆ ಮುಖಕ್ಕಷ್ಟೇ ಬೆಳಕು, ಜಡೆ ಕತ್ತಲಲ್ಲಿ ಉಳಿಯುತ್ತದೆ. ಕನ್ನಡಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸುತ್ತಾ ಹೋಗಿ, ನಿಮ್ಮ ಕ್ಯಾಮೆರಾ ಅದರಿಂದ ಮಾಯವಾಗಿ ಜಡೆ ಪೂರ್ತಿ ಕಾಣುವ ಒಂದು ಕೋನ ಸಿಗುತ್ತದೆ. ಈಗ ಫೋಕಸ್. ಬಿಂಬ ಇರುವುದು ಕನ್ನಡಿಯ ಮೇಲಲ್ಲ, ಅದರ ಆಚೆ ಇನ್ನೂ 2 ಅಡಿ ಒಳಗೆ. ಅಂದರೆ ಮುಖಕ್ಕೂ ಜಡೆಯ ಬಿಂಬಕ್ಕೂ ನಡುವೆ 4 ಅಡಿಗೂ ಹೆಚ್ಚು ಅಂತರ. ಲೆನ್ಸಿನ ಕಿಂಡಿಯನ್ನು ಎಫ್ 1.8ರಷ್ಟು ಅಗಲ ತೆರೆದು ತೆಗೆದರೆ ಜಡೆ ಮಂಜಾಗುತ್ತದೆ, ಎಫ್ 8ಕ್ಕೆ ಕಿರಿದು ಮಾಡಿ. 50 ಎಂಎಂ ಲೆನ್ಸ್, 10 ಅಡಿ ದೂರ, ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಜಡೆಯ ಭಾರಕ್ಕೆ ತಲೆ ಹಿಂದಕ್ಕೆ ಎಳೆದು ಗಲ್ಲ ಮೇಲೇಳುತ್ತದೆ. ‘ಗಲ್ಲ ಕೆಳಗೆ’ ಎಂದು ಗದರಬೇಡಿ, ‘ಅಮ್ಮನ ಕಾಲು ನೋಡಿ ಆಮೇಲೆ ನನ್ನ ಕಡೆ ನೋಡಮ್ಮ’ ಎನ್ನಿ, ತಾನೇ ಸರಿಯಾಗುತ್ತದೆ.

ಬೇರೆ ಕಡೆಯ ಮದುವೆಗಳಲ್ಲಿ ಇಂಥದೇ ಒಂದೊಂದು ವಿಶೇಷ ಇರುತ್ತದೆ. ಕೊಡವ ಸೀರೆಯ ನೆರಿಗೆ ಹಿಂಬದಿಗೆ ಬರುವುದರಿಂದ ಬೆನ್ನಿನ ಕಡೆಯಿಂದ ಒಂದು ತೆಗೆಯದಿದ್ದರೆ ಆ ಉಡುಗೆಯೇ ಬಂದಂತಾಗುವುದಿಲ್ಲ. ಬಾಸಿಂಗ ಕಟ್ಟಿದ ಮೇಲೆ ಕಣ್ಣಿನ ಮೇಲೆ ನೆರಳು ಬೀಳುತ್ತದೆ, ಕಟ್ಟುವ ಮುಂಚೆ ಒಂದು, ಕಟ್ಟಿದ ಮೇಲೆ ಒಂದು ಇರಲಿ.

ಆ 40 ನಿಮಿಷ

ಅವಳು ಬರುವ ಮೊದಲೇ ಕಿಟಕಿಯ ಸುತ್ತ ಇರುವ ಪ್ಲಾಸ್ಟಿಕ್ ಕವರು, ಸೂಟ್‌ಕೇಸು, ಚಾರ್ಜರು, ನೀರಿನ ಬಾಟಲಿ ಎಲ್ಲ ತೆಗೆಸಿಡಿ. ಒಂದು ಚೀಲದಲ್ಲಿ ಪಿನ್ನು, ಸೂಜಿದಾರ, ಕುಂಕುಮ, ಹತ್ತಿ ಬಟ್ಟೆ, ಅವಳ ಅಳತೆಯ ಒಂದು ಡಜನ್ ಹಸಿರು ಬಳೆ. ಬಳೆ ಶಾಸ್ತ್ರದಲ್ಲಿ ತೊಡಿಸಿದ್ದು ಒಡೆದಾಗ ಮನೆಯವರ ಮುಖ ಬಾಡುವುದನ್ನು ನೋಡಿದ್ದೇನೆ, ಅದಕ್ಕೇ ಈ ಡಜನ್.

ಮೊದಲ ಐದು ನಿಮಿಷ ಕ್ಯಾಮೆರಾ ಎತ್ತಬೇಡಿ. ರಾತ್ರಿ ನಿದ್ದೆ ಇಲ್ಲದೆ, 4 ಗಂಟೆಯಿಂದ ಕೂತು, ಬರಿ ಹೊಟ್ಟೆಯಲ್ಲಿ ಬಂದಿರುತ್ತಾಳೆ. ಮನೆಯ ಪದ್ಧತಿ ಒಪ್ಪುವುದಾದರೆ ಒಂದು ಲೋಟ ಹಾಲು, ಸ್ಟ್ರಾ ಹಾಕಿ ಕೊಡಿ. ನೆರಿಗೆ ಹೊಸದಾಗಿರುವಾಗಲೇ ನಿಂತ ಫೋಟೊ ಮೊದಲು, ಕೂತ ಮೇಲೆ ಅದು ಮತ್ತೆ ಆ ಹದಕ್ಕೆ ಬರುವುದಿಲ್ಲ. ಭಾರ ಹಿಂದಿನ ಕಾಲಿಗೆ, ಭುಜ ತುಸು ಓರೆ. ಕೈಗೆ ಏನಾದರೂ ಕೊಡಿ, ಕೈಗನ್ನಡಿಯೋ ತೆಂಗಿನಕಾಯಿಯೋ. ಖಾಲಿ ಕೈ ಎಲ್ಲಿಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಮುಖಕ್ಕೆ 85 ಎಂಎಂ ಲೆನ್ಸ್ ಚೆನ್ನ, ಚಿಕ್ಕ ಸೆನ್ಸರಿನ ಕ್ಯಾಮೆರಾಗೆ 50 ಸಾಕು. ಮೊಬೈಲಾದರೆ ಹತ್ತಿರ ನುಗ್ಗಬೇಡಿ, ಮೂಗು ದಪ್ಪ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿ. ದಿನಾ ಕನ್ನಡಕ ಹಾಕುವ ಹುಡುಗಿಗೆ ಕನ್ನಡಕ ಹಾಕಿಯೇ ನಾಲ್ಕು ಫೋಟೊ ತೆಗೆಯಿರಿ. ಆಮೇಲೆ ಕನ್ನಡಿಯದು, ಬಳೆ–ಮೆಹೆಂದಿಯ ಕೈ, ವಂಕಿ, ಡಾಬು. ಅಪ್ಪ ಅಮ್ಮನನ್ನು ಕರೆಯುವುದು ಕೊನೆಗೆ. ಅಪ್ಪ ಒಳಗೆ ಬಂದು ಅವಳನ್ನು ನೋಡಿದ ಮೇಲೆ ಕಾಡಿಗೆ ನಿಲ್ಲುವುದಿಲ್ಲ.

ಸಂಜೆ ಮನೆಗೆ ಹೋದ ಕೂಡಲೇ ಫೋಟೊಗಳ ಎರಡು ಪ್ರತಿ ಎರಡು ಡಿಸ್ಕಿಗೆ ಹೋಗಲಿ, ಒಂದು ಬೇರೆ ಮನೆಯಲ್ಲಿರಲಿ. ಅವಳ ಅನುಮತಿ ಇಲ್ಲದೆ ಒಂದೂ ಇನ್‌ಸ್ಟಾಗ್ರಾಂಗೆ ಹೋಗಬಾರದು, ಇದನ್ನೂ ಬರೆಸಿಕೊಳ್ಳಿ.

ಇನ್ನೊಂದು ಫೋಟೊ ಬಾಕಿ ಇದೆ. ಧಾರೆ ಮುಗಿದು, ಸಪ್ತಪದಿ ಆಗಿ, ಊಟದ ಎಲೆ ಹಾಕುವ ಗದ್ದಲದಲ್ಲಿ ಅವಳನ್ನು ಎರಡು ನಿಮಿಷ ಅದೇ ಕಿಟಕಿಗೆ ಕರೆತನ್ನಿ. ಬೆಳಿಗ್ಗೆ ನಿಂತ ಜಾಗದಲ್ಲೇ, ಅದೇ ದೂರದಲ್ಲಿ ನಿಲ್ಲಿಸಿ. ಈಗ ಕತ್ತಿನಲ್ಲಿ ಕರಿಮಣಿ ಇರುತ್ತದೆ, ಕಾಲಿಗೆ ಕಾಲುಂಗುರ, ಕೂದಲಲ್ಲಿ ಅಕ್ಷತೆ ಕಾಳು, ಕಣ್ಣು ಕೆಂಪಾಗಿರುತ್ತದೆ. ಏನನ್ನೂ ಒರೆಸಬೇಡಿ, ಸರಿಪಡಿಸಬೇಡಿ. ಆಲ್ಬಮಿನಲ್ಲಿ ಬೆಳಗಿನ ಫೋಟೊ ಎಡಕ್ಕೆ, ಇದು ಬಲಕ್ಕೆ.