ಹದ್ದು ನೋಡಿ ಥರ್ಮಲ್ ಕಲಿಯಿರಿ: ಗ್ಲೈಡರ್ ಹತ್ತುವ ಮುಂಚಿನ ಪಾಠ

ಎಂಜಿನ್ ಬಲವಿಲ್ಲದೆ ತೇಲುವ ಗ್ಲೈಡರ್ ವಿಮಾನದಲ್ಲಿ ಜರ್ಮನಿಯ ಪೈಲಟ್ ಕ್ಲೌಸ್ ಓಲ್ಮನ್ 2003ರಲ್ಲಿ ಆಂಡೀಸ್ ಪರ್ವತಗಳ ಮಗ್ಗುಲಲ್ಲಿ ಒಂದೇ ಹಾರಾಟಕ್ಕೆ 3,000 ಕಿ.ಮೀ. ದಾಟಿದರು. 2018ರಲ್ಲಿ ಪರ್ಲಾನ್ 2 ಗ್ಲೈಡರ್ 22 ಕಿ.ಮೀ.ಗೂ ಮೇಲೇರಿತು. ಇವೆರಡೂ ಪರ್ವತದ ಮೇಲೆ ಹಾದ ಗಾಳಿ ಎಬ್ಬಿಸುವ ಅಲೆಯ ಸವಾರಿ. ಬಯಲುಸೀಮೆಯ ನಮಗೆ ಸಿಗುವುದು ಥರ್ಮಲ್, ಅಂದರೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ. ಅದನ್ನು ಓದಲು ಬೆಂಗಳೂರಿನಲ್ಲಿ ಒಂದು ತಾರಸಿ ಸಾಕು. ಮೇಷ್ಟ್ರು ತಲೆಯ ಮೇಲೇ ಸುತ್ತುತ್ತಿರುತ್ತಾರೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನ ಆರಿಸಿಕೊಳ್ಳಿ. ಜೂನ್ ನಂತರ ಮೋಡ ಮುಚ್ಚಿ, ಪಶ್ಚಿಮದ ಗಾಳಿ ಜೋರಾಗಿ ಥರ್ಮಲ್‌ಗಳು ಹರಿದುಹೋಗುತ್ತವೆ. ಮೊದಲು ವಿಮಾನ ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್, ನೋಡಿ. ಅದರಲ್ಲಿ 33/12 ಎಂದಿದ್ದರೆ ತಾಪಮಾನ 33, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟುವ ತಾಪಮಾನ) 12 ಡಿಗ್ರಿ. ವ್ಯತ್ಯಾಸವನ್ನು 125ರಿಂದ ಗುಣಿಸಿ: 21 × 125, ಸುಮಾರು 2,600 ಮೀಟರ್. ಅರಳೆ ಮೋಡದ ತಳ ನೆಲದಿಂದ ಅಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಥರ್ಮಲ್ ಏರುವ ಗರಿಷ್ಠ ಎತ್ತರವೂ ಹೆಚ್ಚುಕಡಿಮೆ ಅದೇ.

ಈಗ ಹದ್ದು. ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವ ಹದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋಳಿ ಅಂಗಡಿಯ ಮೇಲೆ ತಗ್ಗಿನಲ್ಲಿ ರೆಕ್ಕೆ ಬಡಿಯುತ್ತಾ ಸುತ್ತುವುದು ಊಟಕ್ಕೆ ಬಂದಿದ್ದು, ಅದರಿಂದ ಥರ್ಮಲ್ ಪಾಠ ಸಿಗದು. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹತ್ತು ಸುತ್ತಿಗೆ ಎಷ್ಟು ಸೆಕೆಂಡ್ ಎಂದು ಅಳೆದು ಬರೆದಿಡಿ. ಸುತ್ತು ಯಾವ ಕಡೆಗೆ ಜಾರುತ್ತಿದೆ ನೋಡಿ; ಗಾಳಿ ಬೀಸುವ ದಿಕ್ಕು ಅದೇ. ಬಿಸಿ ಏಳುತ್ತಿರುವ ಜಾಗ ಅದರ ಎದುರು ದಿಕ್ಕಿನಲ್ಲಿ ಹಿಂದೆ ಉಳಿದಿರುತ್ತದೆ: ತಗಡಿನ ಶೆಡ್ಡು, ಕಲ್ಲು ಕ್ವಾರಿ, ಡಾಂಬರು, ಬರಿ ಹೊಲ. ಜಕ್ಕೂರು ಕೆರೆಯಂಥ ನೀರಿನ ಮೇಲೆ ಹಗಲಲ್ಲಿ ಹುಡುಕುವುದು ದಂಡ. ಜಾರುವಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ಸೆಕೆಂಡಿಗೆ 2 ಮೀಟರ್‌ನಂತೆ 1,000 ಮೀಟರ್ ಏರುವಷ್ಟರಲ್ಲಿ ನೀವು 2 ಕಿ.ಮೀ. ದೂರ ತೇಲಿರುತ್ತೀರಿ.

ಗ್ಲೈಡರ್‌ನಲ್ಲಿ ಕೂತಾಗ ಇದೇ ಕೆಲಸ ಕುರ್ಚಿಗೂ, ಏರಿಳಿತದ ವೇಗ ತೋರಿಸುವ ವೇರಿಯೋಮೀಟರ್‌ಗೂ ಬರುತ್ತದೆ. ಮುಳ್ಳು ಒಂದೆರಡು ಸೆಕೆಂಡ್ ತಡ, ಕೆಳಗಿನಿಂದ ಒತ್ತುವ ಕುರ್ಚಿ ಮೊದಲು ಹೇಳುತ್ತದೆ. ಯಾವ ರೆಕ್ಕೆ ಮೇಲೆದ್ದಿತೋ ಆ ಕಡೆಗೆ ತಿರುಗಿ. ಮೊದಲ ತಟ್ಟಿಗೇ ತಿರುಗುವುದು ಹೊಸಬರ ಮಾಮೂಲಿ ತಪ್ಪು. ಹಾಗೆ ಮಾಡಿದರೆ ಅರ್ಧ ಸುತ್ತು ಇಳಿಯುವ ಗಾಳಿಯಲ್ಲೇ ಕಳೆಯುತ್ತದೆ. ಏರಿಕೆ ಬಲಿಯುವ ತನಕ ಎರಡು ಮೂರು ಸೆಕೆಂಡ್ ತಡೆಯಿರಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ 45 ಡಿಗ್ರಿ ವಾಲಿದರೆ ಸುತ್ತಿನ ತ್ರಿಜ್ಯ 64 ಮೀಟರ್, ಒಂದು ಸುತ್ತಿಗೆ 16 ಸೆಕೆಂಡ್. 30 ಡಿಗ್ರಿಗೆ ತ್ರಿಜ್ಯ 110 ಮೀಟರ್, 28 ಸೆಕೆಂಡ್. ಏರಿಕೆ ಹೆಚ್ಚುತ್ತಿದ್ದರೆ ವಾಲುವಿಕೆ ಕಡಿಮೆ ಮಾಡಿ, ಇಳಿಯುತ್ತಿದ್ದರೆ ಜಾಸ್ತಿ ಮಾಡಿ. ಎರಡು ಮೂರು ಸುತ್ತಿನಲ್ಲಿ ನಡು ಸಿಗುತ್ತದೆ. ಒಂದು ಎಚ್ಚರಿಕೆ: 45 ಡಿಗ್ರಿಯಲ್ಲಿ ಸ್ಟಾಲ್ ವೇಗ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ, ಶೇ. 19ರಷ್ಟು ಏರುತ್ತದೆ. ನೇರ ಹಾರಾಟದಲ್ಲಿ 70 ಇದ್ದದ್ದು 83 ಆಗುತ್ತದೆ. ಮೂತಿ ಎತ್ತಿ, ರಡ್ಡರ್ (ಬಾಲದ ಚುಕ್ಕಾಣಿ) ತಪ್ಪಿದರೆ ಸ್ಪಿನ್, ಅಂದರೆ ಗಿರಗಿರ ಸುತ್ತುತ್ತಾ ಬೀಳುವುದು. ಥರ್ಮಲ್ ಒಳಗೆ ಬೇರೆ ಗ್ಲೈಡರ್ ಇದ್ದರೆ ಅದು ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು, ಇದರಲ್ಲಿ ವಾದವಿಲ್ಲ.

ಸೆಕೆಂಡಿಗೆ 4 ಮೀಟರ್ ಏರಿದರೆ 1,000 ಮೀಟರ್‌ಗೆ ನಾಲ್ಕು ನಿಮಿಷದ ಮೇಲೆ ಚೂರು. 1 ಮೀಟರ್ ಏರಿದರೆ ಹದಿನೇಳು ನಿಮಿಷ ಬೇಕು. 1956ರ ಗ್ಲೈಡಿಂಗ್ ವಿಶ್ವ ಚಾಂಪಿಯನ್ ಪಾಲ್ ಮ್ಯಾಕ್‌ಕ್ರೀಡಿಯ ಲೆಕ್ಕಾಚಾರದ ತಿರುಳೂ ಇದೇ: ಮುಂದೆ ಗಟ್ಟಿ ಥರ್ಮಲ್ ಸಿಗುವ ಭರವಸೆಯಿದ್ದು, ಕೈಯಲ್ಲಿ ಎತ್ತರವೂ ಇದ್ದರೆ ಸಪ್ಪೆಯದನ್ನು ಬಿಟ್ಟು ವೇಗವಾಗಿ ಹೊರಡಿ. ನೆಲ ಹತ್ತಿರವಾದಾಗ ಮಾತ್ರ ಸಪ್ಪೆಯೂ ಅಮೃತ.

ಮೊದಲ ಗುರಿ ಗ್ಲೈಡರ್ ಪೈಲಟ್‌ಗಳ ಸಿಲ್ವರ್ ಬ್ಯಾಡ್ಜ್: 5 ಗಂಟೆ ಹಾರಾಟ, 1,000 ಮೀಟರ್ ಏರಿಕೆ, 50 ಕಿ.ಮೀ. ದೂರ. ದೂರದ ಹಾರಾಟ ತಿರಸ್ಕೃತವಾಗಲು ಒಂದು ಸಾಮಾನ್ಯ ಕಾರಣ ಹಾರಾಟವಲ್ಲ, ಎತ್ತರ. ಆರಂಭ ಮತ್ತು ಮುಕ್ತಾಯದ ಎತ್ತರಗಳ ಅಂತರ ದೂರದ ಶೇ. 1 ಮೀರಬಾರದು, ಅಂದರೆ 50 ಕಿ.ಮೀ.ಗೆ 500 ಮೀಟರ್. ಗ್ಲೈಡರ್‌ ಅನ್ನು ಮೇಲಕ್ಕೆ ಎಳೆದೊಯ್ಯುವ ಹಗ್ಗವನ್ನು ತುಂಬಾ ಮೇಲೆ ಬಿಚ್ಚಿದರೆ ದಿನವೆಲ್ಲ ವ್ಯರ್ಥ. ಹಾರಾಟ ದಾಖಲಿಸುವ ಲಾಗರ್ ಆನ್ ಆಗಿದೆಯೇ ಎಂದು ಏರುವ ಮುಂಚೆಯೇ ನೋಡಿ. ನೀರು ಎರಡು ಮೂರು ಲೀಟರ್ ಒಯ್ಯಿರಿ. ಮೂತ್ರಕ್ಕೆ ಹೆದರಿ ಕುಡಿಯದೆ ಕೂತವರ ನಿರ್ಧಾರ ನಾಲ್ಕನೇ ಗಂಟೆಗೆ ಕೆಡುತ್ತದೆ.

ಥರ್ಮಲ್ ಕೈಕೊಟ್ಟರೆ ನೆಲದಿಂದ 600 ಮೀಟರ್‌ನಲ್ಲಿ ಇಳಿಯುವ ಪ್ರದೇಶ, 450ರಲ್ಲಿ ಹೊಲ ಆರಿಸಿ. 300ಕ್ಕೆ ಇಳಿದ ಮೇಲೆ ಥರ್ಮಲ್ ಆಸೆ ಬಿಟ್ಟು ಸರ್ಕ್ಯೂಟ್, ಅಂದರೆ ಇಳಿಯುವ ಮುಂಚಿನ ಸುತ್ತುದಾರಿ, ಹಿಡಿಯಿರಿ. ಕೊಯ್ಲಾದ ರಾಗಿ ಹೊಲ ಒಳ್ಳೆಯದು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟ ಮೇಲಿನಿಂದ ಹಸಿರು ಚಾಪೆಯಂತೆ ಕಂಡರೂ ಅದರಡಿ ಕಲ್ಲುಕಂಬ, ತಂತಿ ಇರುತ್ತವೆ. ಕರೆಂಟ್ ತಂತಿ ಗಾಳಿಯಿಂದ ಕಾಣಿಸುವುದಿಲ್ಲ, ಕಂಬದ ಸಾಲನ್ನು ಹುಡುಕಿ.