ಕಾಫಿ ಡಿಪೋಗೆ ಸಾಫ್ಟ್‌ವೇರ್ ಮಾಡಿದ ನನ್ನ ಅನುಭವ

ಸಾಫ್ಟ್‌ವೇರ್ ಮಾಡಿಸೋರು ಒಬ್ರು, ಅದರ ಮುಂದೆ ದಿನವಿಡೀ ಕೂರೋರು ಇನ್ನೊಬ್ರು. ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ಖರೀದಿ ಡಿಪೋದ ಕೆಲಸ ಬಂದಾಗ ಓನರ್ ಒಂದು ಲಿಸ್ಟ್ ಕೈಗಿಟ್ರು, ಡ್ಯಾಶ್‌ಬೋರ್ಡ್ ಬೇಕು, ಮೊಬೈಲ್ ಆಪ್ ಬೇಕು, ಗ್ರಾಫ್ ಬೇಕು, ಬೆಳೆಗಾರರಿಗೆ ಮೆಸೇಜ್ ಹೋಗ್ಬೇಕು ಅಂತ. ಅದರಲ್ಲಿ ರೈಟ್ರಿಗೆ, ಅಂದ್ರೆ ಡಿಪೋದ ಲೆಕ್ಕ ಬರೆಯೋರಿಗೆ, ಎಂತ ಬೇಕು ಅಂತ ಒಂದು ಸಾಲೂ ಇಲ್ಲ. ತೂಕ ಬರೆಯೋದು, ಚೀಟಿ ಕೊಡೋದು, ಲೆಕ್ಕ ತಪ್ಪಿದ್ರೆ ಎರಡೂ ಕಡೆಯಿಂದ ಬೈಸಿಕೊಳ್ಳೋದು ಎಲ್ಲ ಅವರೇ. ಕೊಟೇಶನ್ ಆಮೇಲೆ ಕೊಡ್ತೇನೆ ಸರ್, ಮೊದಲು ಸೀಸನ್ ಟೈಮಲ್ಲಿ ಡಿಪೋದಲ್ಲಿ ಸುಮ್ಮನೆ ಕೂರ್ಲಿಕ್ಕೆ ಬಿಡಿ ಅಂದೆ. ಸ್ವಲ್ಪ ವಿಚಿತ್ರವಾಗಿ ನೋಡಿದ್ರು, ಆದ್ರೆ ಬಿಟ್ರು.

ರೊಬಸ್ಟಾ ಕೊಯ್ಲು ಜೋರಿರೋದು ಜನವರಿ ಫೆಬ್ರವರಿಯಲ್ಲಿ, ಒಣಗಿದ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಡಿಪೋಗೆ ಬರೋದೂ ಹೆಚ್ಚುಕಮ್ಮಿ ಆಗಲೇ ಶುರು. ಪಿಕಪ್ ಬಂದು ನಿಲ್ತದೆ, ಲೋಡಿಂಗ್ ಹುಡುಗರು ಮೂಟೆ ಇಳಿಸಿ ತಕ್ಕಡಿಗೆ ಹಾಕಿ ತೂಕ ಕೂಗ್ತಾರೆ, ಅಸ್ಸಾಮಿಂದ ಬಂದ ಹುಡುಗರಾದ್ರೆ ಹಿಂದೀಲಿ, ಇಲ್ಲಿಯವರಾದ್ರೆ ಮಲಯಾಳಂ ಕನ್ನಡ ಎರಡೂ ಸೇರಿಸಿ. ಆಮೇಲೆ ಮೂಟೆಗೆ ಚುಚ್ಚಿ ಸ್ಯಾಂಪಲ್ ತೆಗೀತಾರೆ, ಮೀಟರಿಗೆ ಹಾಕಿ ಮಾಯಿಶ್ಚರ್ (ತೇವಾಂಶ) ನೋಡ್ತಾರೆ, ಸಣ್ಣ ಮಿಷನ್ನಲ್ಲಿ ಸಿಪ್ಪೆ ಬಿಡಿಸಿ ಓಟಿ ತೆಗೀತಾರೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ ಓಟಿ ಅಂದ್ರೆ ಔಟ್‌ಟರ್ನ್, 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಸಿಗ್ತದೆ ಅನ್ನೋ ಲೆಕ್ಕ. 26 ಕೆಜಿ ಸಿಕ್ಕಿದ್ರೆ 26 ಓಟಿ. ಓಟಿಗೆ 200 ರೂಪಾಯಿ ರೇಟ್ ಅಂತ ಇಟ್ಕೊಳ್ಳಿ, ಆಗ ಮೂಟೆಗೆ 5,200. ಅರ್ಧ ಓಟಿ ಆಚೆ ಈಚೆ ಆದ್ರೆ ಮೂಟೆಗೆ 100 ರೂಪಾಯಿ ಹೋಯ್ತು, ಅದಕ್ಕೇ ಬೆಳೆಗಾರರ ಕಣ್ಣು ಯಾವಾಗ್ಲೂ ರೈಟ್ರ ಕೈ ಮೇಲೆ.

ಆ ಕೈಯನ್ನೇ ನಾನೂ ನೋಡ್ತಾ ಕೂತೆ. ಎಡಗೈಯಲ್ಲಿ ಸ್ಯಾಂಪಲ್ ತಟ್ಟೆ, ಅದನ್ನ ಕೆಳಗಿಡೋದೇ ಇಲ್ಲ, ಬರೆಯೋದು ಒತ್ತೋದು ಎಲ್ಲ ಬಲಗೈಯಲ್ಲಿ, ಬೆರಳಿಗೆಲ್ಲ ಕಾಫಿ ಸಿಪ್ಪೆಯ ಧೂಳು. ಟಚ್‌ಸ್ಕ್ರೀನ್ ಟ್ಯಾಬ್ ಅನ್ನೋ ಓನರ್ ಆಸೆ ಅಲ್ಲಿಗೆ ಮುಗೀತು. ಮೌಸ್ ಕೂಡ ಬೇಡ ಅಂತ ತೀರ್ಮಾನ ಮಾಡಿದೆ, ಇಡೀ ಎಂಟ್ರಿ ಕೀಬೋರ್ಡಿನ ಬಲಗಡೆ ಇರೋ ನಂಬರ್ ಕೀ ಮತ್ತೆ ಎಂಟರ್ ಇಷ್ಟರಲ್ಲೇ ಮುಗೀಬೇಕು. ರೈಟ್ರು ಮೊದಲು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಕೆಲಸ ಮಾಡ್ತಿದ್ದವರು, ಎಂಟರ್ ಹೊಡೆದ್ರೆ ಮುಂದಿನ ಬಾಕ್ಸಿಗೆ ಹೋಗ್ಬೇಕು ಅಂತ ಬೆರಳಿಗೆ ರೂಢಿ ಆಗಿಬಿಟ್ಟಿತ್ತು. 'ಖಂಡಿತವಾಗಿ ಸೇವ್ ಮಾಡಬೇಕಾ' ಅಂತ ಕೇಳೋ ಕಿಟಕಿ ಒಂದನ್ನೂ ಇಡಲಿಲ್ಲ, ಅಂಥದ್ದನ್ನ ಯಾರೂ ಓದೋದಿಲ್ಲ, ಎಂಟರ್ ಒತ್ತಿ ಮುಂದೆ ಹೋಗ್ತಾರೆ, ಅದರ ಬದಲು ಹಿಂದಿನ ಎಂಟ್ರಿ ಒಂದೇ ಕೀಯಲ್ಲಿ ವಾಪಸ್ ತೆಗೆಯೋ ಹಾಗೆ ಮಾಡಿದೆ.

ಕೋಡ್ ಬರೆಯೋ ಮುಂಚೆ ಸ್ಕ್ರೀನ್‌ಗಳನ್ನ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದು ಕತ್ತರಿಸಿ ಮೇಜಿನ ಮೇಲೆ ಹರಡಿದೆ. ನಾನು ಮಾಯಿಶ್ಚರ್ ಬಾಕ್ಸ್ ಮೊದಲು ಇಟ್ಟಿದ್ದೆ, ಓನರ್ ಹಾಗೇ ಹೇಳಿದ್ದು, ಯಾಕಂದ್ರೆ ಮಾಯಿಶ್ಚರ್ 11 ಪರ್ಸೆಂಟ್ ದಾಟಿದ್ರೆ ಅವರಿಗೆ ಖರೀದಿ ಬಗ್ಗೆಯೇ ಯೋಚನೆ. ರೈಟ್ರು ಅದನ್ನ ಎತ್ತಿ ತೂಕದ ಕೆಳಗೆ ಇಟ್ರು. "ಹುಡುಗರು ತೂಕ ಕೂಗಿ ಆಗಿರ್ತದೆ ಮಾರಾಯ, ಅದನ್ನ ತಲೇಲಿ ಇಟ್ಕೊಂಡು ನಾನು ಮಾಯಿಶ್ಚರ್ ಬರೀತಾ ಕೂತ್ರೆ ತೂಕ ಮರ್ತೇ ಹೋಗ್ತದೆ." ಇದನ್ನ ಯಾವ ಮೀಟಿಂಗಲ್ಲೂ ಯಾರೂ ಹೇಳೋದಿಲ್ಲ, ಕಾಗದ ಕೈಗೆ ಕೊಟ್ಟಾಗ ಮಾತ್ರ ಬರ್ತದೆ. ಜಾನ್ ಗೌಲ್ಡ್, ಕ್ಲೇಟನ್ ಲೂಯಿಸ್ ಅನ್ನೋ ಇಬ್ರು ಕಂಪ್ಯೂಟರ್ ಸಂಶೋಧಕರು 1985ರಲ್ಲೇ ಇದನ್ನ ಬರೆದಿಟ್ಟಿದ್ದಾರೆ, ಬಳಸೋರನ್ನೂ ಅವರ ಕೆಲಸವನ್ನೂ ಮೊದಲೇ ನೋಡಿ, ಮಾಡಿದ್ದನ್ನ ಅವರ ಕೈಗೆ ಕೊಟ್ಟು ಪರೀಕ್ಷೆ ಮಾಡಿ, ತಿದ್ದಿ ಮತ್ತೆ ಕೊಡಿ ಅಂತ. ಇದಕ್ಕೆ ಈಗ ಐಎಸ್‌ಒ 9241-210 ಅಂತ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡೇ ಉಂಟು, 2010ರಲ್ಲಿ ಬಂದದ್ದು, 2019ರಲ್ಲಿ ತಿದ್ದಿದ್ದಾರೆ. ಆದ್ರೂ ನಮ್ಮಲ್ಲಿ ಟೆಂಡರ್ ಕಾಗದದಲ್ಲಿ ಇಂಥದ್ದಕ್ಕೆ ಒಂದು ದಿನದ ದುಡ್ಡೂ ಇಡೋದಿಲ್ಲ, ಅದು ಬೇರೆ ಕಥೆ.

ಹೆಸರಿನ ವಿಷಯಕ್ಕೆ ಬರ್ತೇನೆ. ರೆಡಿಮೇಡ್ ಸಾಫ್ಟ್‌ವೇರ್ ಎಲ್ಲದರಲ್ಲೂ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಬಾಕ್ಸ್. ಕೊಡವರಲ್ಲಿ ಮನೆ ಹೆಸರು ಮುಂದೆ ಬರ್ತದೆ, ಆಮೇಲೆ ಅಪ್ಪನ ಹೆಸರು, ಆಮೇಲೆ ಅವರ ಹೆಸರು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರನ್ನೇ ತಗೊಳ್ಳಿ, ಯಾವುದು ಫಸ್ಟ್ ಯಾವುದು ಲಾಸ್ಟ್? ಇಂಗ್ಲಿಷಲ್ಲಿ ಬರೆಯೋದಾದ್ರೆ ಕಾರ್ಯಪ್ಪ ಅನ್ನೋದನ್ನ ಒಬ್ರು ಸಿ ಅಕ್ಷರದಲ್ಲಿ ಶುರು ಮಾಡ್ತಾರೆ, ಇನ್ನೊಬ್ರು ಕೆ ಹಾಕ್ತಾರೆ. ಅದೇ ಡಿಪೋಗೆ ಅರೆಭಾಷೆ ಗೌಡರು ಬರ್ತಾರೆ, ಮಾಪಿಳ್ಳೆಯವರು ಬರ್ತಾರೆ, ಒಬ್ಬೊಬ್ಬರ ಪದ್ಧತಿ ಒಂದೊಂದು. ಹಾಗಾಗಿ ಹೆಸರಿಗೆ ಒಂದೇ ಉದ್ದ ಬಾಕ್ಸ್ ಇಟ್ಟೆ, ಹುಡುಕುವಾಗ ಮನೆ ಹೆಸರು, ಊರು, ಫೋನಿನ ಕೊನೇ ನಾಲ್ಕು ನಂಬರ್, ಎಂತ ಹಾಕಿದ್ರೂ ಸಿಗ್ಬೇಕು, ಸ್ಪೆಲಿಂಗ್ ಹೆಚ್ಚುಕಮ್ಮಿ ಆದ್ರೂ ಉಚ್ಚಾರ ಹತ್ರ ಇದ್ರೆ ಸಾಕು. ಒಂದೇ ಮನೆ ಹೆಸರಲ್ಲಿ ಒಂದೇ ಇನಿಶಿಯಲ್ ಇರೋ ಅಣ್ಣತಮ್ಮಂದಿರು ಇದ್ರೆ ಲಿಸ್ಟಲ್ಲಿ ಪಕ್ಕಕ್ಕೆ ಊರು ಕಾಣ್ತದೆ.

ಆದ್ರೆ ಈ ಸಿಸ್ಟಮ್ಮಿನ ಜೀವ ಇರೋದು ಇದ್ಯಾವುದರಲ್ಲೂ ಅಲ್ಲ, ರೈಟ್ರ ಲೆಡ್ಜರಿನ ಅಂಚಿನಲ್ಲಿ. ಇಂಕಲ್ಲಿ ತೂಕ ಓಟಿ ಎಲ್ಲ ನೀಟಾಗಿ ಬರೆದಿರ್ತಾರೆ, ಅಂಚಲ್ಲಿ ಪೆನ್ಸಿಲ್ಲಲ್ಲಿ ಏನೇನೋ ಗೀಚಿರ್ತಾರೆ. '20ಕ್ಕೆ ರೇಟ್ ಆಯ್ತು'. 'ಬಾಕಿ ಇಟ್ಟಿದೆ'. 'ಕೂಲಿಗೆ ಅಡ್ವಾನ್ಸ್'. ಒಂದು ಕಡೆ 'ಅಜ್ಜ ಬಂದ್ರೆ ಮಾತ್ರ ಕೊಡೋದು, ಮಗನಿಗೆ ಬೇಡ'. ಒಂದೊಂದನ್ನೇ ತೋರಿಸಿ ಇದೆಂತ ಅಂತ ಕೇಳ್ತಾ ಹೋದಾಗ ಗೊತ್ತಾಗಿದ್ದು, ಇಲ್ಲಿ ಕಾಫಿ ತಂದು ಹಾಕೋದೇ ಒಂದು ಘಟನೆ, ಮಾರೋದೇ ಇನ್ನೊಂದು. ಬೆಳೆಗಾರರು ಫೆಬ್ರವರಿಯಲ್ಲಿ ಮೂಟೆ ತಂದಿಟ್ಟು ರೇಟ್ ಮಾಡದೆ ಹೋಗ್ತಾರೆ, ಕೊಯ್ಲಿನ ಕೂಲಿಗೆ ಒಂದಷ್ಟು ಅಡ್ವಾನ್ಸ್ ತಗೊಳ್ತಾರೆ, ಮಾರ್ಕೆಟ್ ಏರಿದಾಗ ಫೋನ್ ಮಾಡಿ ಇಷ್ಟು ಮೂಟೆಗೆ ಇವತ್ತಿನ ರೇಟ್ ಹಾಕಿ ಅಂತಾರೆ, ಉಳಿದದ್ದು ಹಾಗೇ ಇರ್ತದೆ. 2024ರಲ್ಲಿ ರೊಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ದಾಟಿತು ನೋಡಿ, ಅಂಥ ವರ್ಷದಲ್ಲಂತೂ ಕಾದವರಿಗೇ ಲಾಭ. ಮಾಮೂಲಿ ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಮಾಲು ಬಂತು ಅಂದ್ರೆ ರೇಟ್ ಹಾಕ್ಲೇಬೇಕು, ಇಲ್ಲಾಂದ್ರೆ ಸೇವ್ ಆಗೋದಿಲ್ಲ. ರೈಟ್ರು ಮೊದಲಿದ್ದ ಒಂದು ಸಾಫ್ಟ್‌ವೇರಲ್ಲಿ 1 ರೂಪಾಯಿ ಅಂತ ಸುಳ್ಳು ರೇಟ್ ಹಾಕಿ ನಡೆಸ್ತಿದ್ರಂತೆ.

ನಾನು ಸಿಸ್ಟಮ್ಮಿನೊಳಗೆ ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿದೆ, ಬಂದ ಮೂಟೆ ಒಂದು ಕಡೆ, ರೇಟ್ ಆದದ್ದು ಇನ್ನೊಂದು ಕಡೆ, ಒಂದು ಲೋಡಿಗೆ ಎಷ್ಟು ಸಲ ಬೇಕಾದ್ರೂ ರೇಟ್ ಮಾಡಬಹುದು, ಅಡ್ವಾನ್ಸ್ ಆಯಾ ಬೆಳೆಗಾರರ ಲೆಕ್ಕದಲ್ಲಿ ನಿಲ್ತದೆ. ಅಜ್ಜ ಮಗನ ತರದ್ದಕ್ಕೆ 'ಪೆನ್ಸಿಲ್' ಅಂತಲೇ ಹೆಸರಿಟ್ಟು ಒಂದು ಖಾಲಿ ಬಾಕ್ಸ್ ಕೊಟ್ಟೆ, ಅದರಲ್ಲಿ ಎಂತ ಬರೆದ್ರೂ ಸಿಸ್ಟಮ್ ತಕರಾರು ಮಾಡೋದಿಲ್ಲ. ಬೆಳೆಗಾರರಿಗೆ ತೂಕ ಓಟಿ ಕಾಣ್ಲಿ ಅಂತ ಅವರ ಕಡೆ ತಿರುಗಿಸಿ ಎರಡನೇ ಮಾನಿಟರ್ ಇಟ್ಟಿದ್ದೇವೆ, ಅದರಲ್ಲಿ ಪೆನ್ಸಿಲ್ ಬಾಕ್ಸ್ ಕಾಣದ ಹಾಗೆ ಮಾಡಿದ್ದು ಬೇರೆ ಹೇಳ್ಬೇಕಾಗಿಲ್ಲ. ಮಗ ಎದುರಿಗೇ ನಿಂತಿದ್ರೆ ಏನು ಗತಿ!

ಚೀಟಿ ಬಗ್ಗೆಯೂ ಇದೇ ಕಾರಣಕ್ಕೆ ಯೋಚನೆ ಮಾಡ್ಬೇಕಾಯ್ತು. ಓನರ್ ಥರ್ಮಲ್ ಪ್ರಿಂಟರ್ ತಂದಿಟ್ಟಿದ್ರು, ಚೀಪು, ಸ್ಪೀಡು. ಆದ್ರೆ ರೇಟ್ ಆಗೋ ತನಕ ಆ ಚೀಟಿಯೇ ಬೆಳೆಗಾರರ ಹತ್ರ ಇರೋ ದಾಖಲೆ, ತಿಂಗಳುಗಟ್ಟಲೆ ಜೀಪಿನ ಡ್ಯಾಶಲ್ಲಿ ಬಿಸಿಲಿಗೆ ಬಿದ್ದಿರ್ತದೆ, ಥರ್ಮಲ್ ಕಾಗದ ಬಿಸಿಗೆ ಕಪ್ಪಾಗ್ತದೆ ಇಲ್ಲ ಅಕ್ಷರ ಮಾಸಿ ಹೋಗ್ತದೆ. ಹಾಗಾಗಿ ಹಳೇ ಡಾಟ್ ಮ್ಯಾಟ್ರಿಕ್ಸ್, ಕಾರ್ಬನ್ ಕಾಪಿ ಸಮೇತ. ಅದರಲ್ಲಿ ಕನ್ನಡ ಚಿತ್ರದ ಹಾಗೆ ಪ್ರಿಂಟ್ ಆಗ್ಬೇಕು, ತುಂಬಾ ನಿಧಾನ, ಅದಕ್ಕೆ ಪ್ರೆಸ್ಸಲ್ಲೇ ಕನ್ನಡದ ತಲೆಬರಹ ಹಾಕಿಸಿ ಫಾರಂ ಮಾಡಿಸಿದ್ವಿ, ಮಿಷನ್ ನಂಬರ್ ಮಾತ್ರ ಹೊಡೀತದೆ, ಹೆಸರನ್ನ ರೈಟ್ರು ಪೆನ್ನಲ್ಲಿ ಬರೀತಾರೆ.

ಕರೆಂಟು ನೆಟ್ಟು ಬಗ್ಗೆ ಕೊಡಗಿನವರಿಗೆ ಹೇಳೋದೇ ಬೇಡ. ಜುಲೈಯಲ್ಲಿ ಮರ ಬಿದ್ರೆ ಎರಡೂ ಹೋಯ್ತು, ಆದ್ರೆ ರೇಟ್ ಮಾಡೋ ಫೋನ್ ಆಗ್ಲೂ ಬರ್ತದೆ. ಲೆಕ್ಕ ಎಲ್ಲ ಡಿಪೋದ ಮಿಷನ್ನಲ್ಲೇ ಇರ್ತದೆ, ನೆಟ್ ಸಿಕ್ಕಾಗ ಒಂದು ಕಾಪಿ ಜಿಲ್ಲೆಯ ಹೊರಗಿನ ಸರ್ವರಿಗೆ ಹೋಗ್ತದೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದು ನೋಡಿದವರಿಗೆ ಹೊರಗೊಂದು ಕಾಪಿ ಯಾಕೆ ಅಂತ ವಿವರಿಸಬೇಕಾಗಿಲ್ಲ. ಯುಪಿಎಸ್ಸೂ ಖಾಲಿ ಆದ್ರೆ ಅಂತ ರೇಟ್ ಆಗದ ಮೂಟೆಗಳ ಪಟ್ಟಿ ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಫೈಲಿಗೆ ಹಾಕ್ತಾರೆ.

ಓನರ್ ಡ್ಯಾಶ್‌ಬೋರ್ಡ್ ಎಂತ ಆಯ್ತು ಅಂದ್ರೆ, ದಿನಾ ಸಂಜೆ ವಾಟ್ಸಾಪಿಗೆ ಒಂದು ಮೆಸೇಜ್ ಹೋಗ್ತದೆ, ಇವತ್ತು ಬಂದ ಮೂಟೆ ಇಷ್ಟು, ರೇಟ್ ಆಗದೆ ಉಳಿದದ್ದು ಇಷ್ಟು. ರೇಟ್ ಏರಿದ ದಿನ ಕೈಯಿಂದ ಎಷ್ಟು ಹೋಗಬಹುದು ಅನ್ನೋದು ಆ ಎರಡನೇ ನಂಬರಲ್ಲಿ ಉಂಟು, ಅವರು ನೋಡೋದೂ ಅದನ್ನೇ. ಗ್ರಾಫ್ ಬಗ್ಗೆ ಆಮೇಲೆ ಕೇಳಲಿಲ್ಲ.

ಮೊದಲ ಸೀಸನ್ ಪೂರ್ತಿ ರೈಟ್ರು ಕಂಪ್ಯೂಟರಿಗೂ ಹಾಕಿ ಲೆಡ್ಜರಲ್ಲೂ ಬರೆದ್ರು. ಡಬಲ್ ಕೆಲಸ ಯಾಕೆ ಅಂತ ಓನರ್ ರೇಗಿದ್ರು, ಬರೀಲಿ ಬಿಡಿ ಸರ್ ಅಂದೆ ನಾನು. ಎರಡೂ ತಾಳೆ ಆಗೋದನ್ನ ಅವರೇ ಕಣ್ಣಾರೆ ನೋಡ್ಬೇಕಿತ್ತು. ಈಗ ಲೆಡ್ಜರಲ್ಲಿ ದಿನದ ಟೋಟಲ್ ಮಾತ್ರ ಬರೀತಾರೆ.

ಈಗ ಅವರೇ ಕೇಳ್ತಿದ್ದಾರೆ, ಕರಿಮೆಣಸೂ ಇದರಲ್ಲೇ ಹಾಕ್ಬಹುದಾ ಅಂತ. ಮೆಣಸಿಗೆ ಓಟಿ ಇಲ್ಲ, ಲೀಟರ್ ತೂಕ ನೋಡ್ತಾರೆ, ಒಂದು ಲೀಟರ್ ಅಳತೆಗೆ 500 ಗ್ರಾಂ ತೂಗ್ತದಾ 550 ತೂಗ್ತದಾ ಅಂತ, ಅಡ್ವಾನ್ಸ್ ಪದ್ಧತಿಯೂ ಬೇರೆ ಅಂತಾರೆ. ಕಾಫಿ ಸ್ಕ್ರೀನಲ್ಲಿ ಹೆಸರು ಬದಲಾಯಿಸಿ ಕೊಡಿ ಸಾಕು ಅಂತ ಓನರ್. ಮೆಣಸು ಕೊಯ್ಲು ಶುರು ಆಗ್ಲಿ, ಬಂದು ಕೂರ್ತೇನೆ ಅಂದಿದ್ದೇನೆ.